ಅತ್ತೆಯ ಮಡಿಯೂ ಕ್ಯಾರವಾನಿನ ತೂಕವೂ

ಕೆಲವರಿಗೆ ಹೋದಲ್ಲೆಲ್ಲ ಸ್ನೇಹಿತರು ಸಿಗುತ್ತಾರೆ, ನನಗೆ ಹೋದಲ್ಲೆಲ್ಲ ತಕ್ಕಡಿ ಸಿಗುತ್ತದೆ. ಮದುವೆಗೆ ಮುಂಚೆ ಕುಂದಾಪುರದಲ್ಲಿ ಅಪ್ಪನ ದಿನಸಿ ಅಂಗಡಿಯಲ್ಲಿ ಬೆಲ್ಲ ತೂಗಿದೆ. ಲಂಡನ್ನಿಗೆ ಬಂದ ಮೇಲೆ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೂತು ಊರಿನವರ ಬ್ಯಾಗುಗಳನ್ನೆಲ್ಲ ತೂಗುತ್ತಿದ್ದೇನೆ. ವಾರಕ್ಕೊಬ್ಬರಾದರೂ ನನ್ನೆದುರು ಉಪ್ಪಿನಕಾಯಿ ಡಬ್ಬಿ ಹಿಡಿದು ಕಣ್ಣೀರು ಹಾಕುತ್ತಾರೆ. ನಾನು ಕರಗುವುದಿಲ್ಲ. ಇಪ್ಪತ್ಮೂರು ಕೆಜಿ ಅಂದರೆ ಇಪ್ಪತ್ಮೂರು. ಕೆಲಸದ ಜಾಗದಲ್ಲಿ ನನಗಿಟ್ಟಿರುವ ಅಡ್ಡಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಇಂಥವಳು ರಜೆಯಲ್ಲಾದರೂ ತೂಕದ ಗೊಡವೆಯಿಲ್ಲದೆ ಇರೋಣ ಅಂದುಕೊಂಡರೆ, ಹೋದ ಬೇಸಿಗೆಯಲ್ಲಿ ನಮ್ಮವರು ಒಂದು ಮನೆಯನ್ನೇ ತಂದು ತೂಗು ಎಂದು ನಿಲ್ಲಿಸಿದರು.

ಕಾರಣ ನಮ್ಮತ್ತೆ. ವಿಜಯಪುರದವರು, ಮಡಿಯಲ್ಲಿ ಬಹಳ ಕಟ್ಟುನಿಟ್ಟು. ಮೂರನೇ ಸಲ ಲಂಡನ್ನಿಗೆ ಬಂದಿದ್ದರು, ಆದರೂ ಇಂಗ್ಲೆಂಡ್ ನೋಡಿರಲಿಲ್ಲ. ಹೋಟೆಲಿನ ಊಟ ಮುಟ್ಟುವುದಿಲ್ಲ. ಯಾರ‍್ಯಾರೋ ಏನೇನೋ ಬೇಯಿಸಿದ ಒಲೆಯ ಮೇಲೆ ತಾವು ಬೇಯಿಸುವುದಿಲ್ಲ. ಹಾಗಾಗಿ ಹ್ಯಾರೋದ ನಮ್ಮ ಮನೆಯಲ್ಲಿ ಬೆಳಗ್ಗೆ ಉಂಡು ಹೊರಟು, ರಾತ್ರಿ ಊಟಕ್ಕೆ ವಾಪಸಾಗುವಷ್ಟು ದೂರವೇ ಅವರ ಇಂಗ್ಲೆಂಡು. ಈ ಸಲ ಬಂದ ದಿನವೇ ಹೇಳಿಬಿಟ್ಟರು.

"ಇದ ಕಡೀದು ನೋಡು. ಈ ಮೊಣಕಾಲ ಇನ್ನೊಮ್ಮೆ ವಿಮಾನ ಹತ್ತಂಗಿಲ್ಲ. ಹೋಗೂದರೊಳಗ ಈ ದೇಶ ಎಲ್ಲಿ ಮುಗೀತದ ಅಂತ ಸಮುದ್ರದ ದಂಡಿಗೆ ನಿಂತು ನೋಡಬೇಕವಾ."

ದೇಶ ಮುಗಿಯುವುದು ಕಾರ್ನ್‌ವಾಲ್‌ನಲ್ಲಿ. ಕಾರಿನಲ್ಲಿ ಇಡೀ ದಿನದ ದಾರಿ. ನಮ್ಮವರು ಎರಡು ದಿನ ಯೋಚಿಸಿ, ಮೂರನೇ ದಿನ ಸ್ನಾನದ ಮನೆಯಿಂದಲೇ ಕೂಗಿದರು: "ಅಡಿಗಿಮನಿ ಬಿಟ್ಟು ಅವ್ವ ಬರಂಗಿಲ್ಲ ಅಂದ್ರ ಅಡಿಗಿಮನೀನ ಎಳಕೊಂಡು ಹೋಗೂಣು!"

ಅಲ್ಲಿಂದ ಶುರುವಾಯಿತು.

ಬಾಗಿಲ ಪಕ್ಕದ ತಗಡು

ನನ್ನ ಹಳೆಯ ಸಹೋದ್ಯೋಗಿಯೊಬ್ಬ ನಿವೃತ್ತನಾಗಿ ಫೆಲ್ಥಮ್‌ನಲ್ಲಿದ್ದಾನೆ. ಅವನ ಮನೆಯ ಮುಂದೆ, ಕಾರಿನ ಹಿಂದೆ ಕಟ್ಟಿ ಎಳೆಯುವಂಥ ಹಳೆಯದೊಂದು ಕ್ಯಾರವಾನ್ ಮಾರಾಟಕ್ಕಿತ್ತು. ಒಳಗೆ ಪುಟ್ಟ ಒಲೆ, ಸಿಂಕು, ಮಡಚುವ ಹಾಸಿಗೆ, ಹೂವಿನ ಪರದೆ. ನಮ್ಮವರು ಒಳಗೆ ಹೋಗಿ ಒಲೆಯ ಗುಂಡಿ ತಿರುಗಿಸಿ, ಹಾಸಿಗೆಯ ಮೇಲೆ ಮಲಗಿ ಎದ್ದು, ಕೊನೆಗೆ ಬಾಗಿಲ ಪಕ್ಕದಲ್ಲಿದ್ದ ಸಣ್ಣ ತಗಡನ್ನು ಓದಿ ಹಿಗ್ಗಿಹೋದರು.

"ನೋಡಿಲ್ಲೆ! ಸಾವಿರದ ಮುನ್ನೂರು ಕೆಜಿ ಅಂತ ಬರದದ! ಇಡೀ ಮನಿ ಸಾಮಾನು ತುಂಬಬಹುದು!"

"ರೀ, ಅದು ತುಂಬೋ ಸಾಮಾನಿನ ತೂಕ ಅಲ್ಲ. ಗಾಡಿ, ಸಾಮಾನು ಎಲ್ಲ ಸೇರಿ ಅಷ್ಟನ್ನ ಮೀರಬಾರದು ಅಂತ."

ಖಾಲಿ ಗಾಡಿಯ ತೂಕವೆಷ್ಟು ಎಂದು ಸಹೋದ್ಯೋಗಿಯನ್ನು ಕೇಳಿದೆ. ಸಾವಿರದ ನೂರ ನಲವತ್ತು ಅಂದ. ಉಳಿದದ್ದು ನೂರ ಅರವತ್ತು. ಅದರಲ್ಲಿ ಬ್ಯಾಟರಿ, ಗ್ಯಾಸ್ ಸಿಲಿಂಡರು, ಮುಂದೆ ಕಟ್ಟುವ ಡೇರೆ, ಕುರ್ಚಿ ಮೇಜು ಅಂತ ತೊಂಬತ್ತು ಕಳೆದರೆ ನಮಗೆ ಸಿಗುವುದು ಎಪ್ಪತ್ತು ಕೆಜಿ. ನಮ್ಮವರ ಮುಖ ಇಳಿಯಿತು.

"ಗಾಡಿ ತೂಕ ಗಾಡಿ ಮ್ಯಾಲ ಯಾಕ ಹಾಕಬೇಕು? ಅದನ್ನ ಕಳದು ನೋಡಬೇಕಪಾ. ಇದು ಅನ್ಯಾಯ."

ಹದಿನೆಂಟು ವರ್ಷದಿಂದ ದಿನಾ ನಾನು ಕೇಳುವ ಮಾತು ಇದೇ. ಬ್ಯಾಗೇ ನಾಲ್ಕು ಕೆಜಿ ಇದೆ ಮೇಡಂ, ಅದನ್ನ ಕಳೆದು ನೋಡಿ ಮೇಡಂ. ನನ್ನ ಸಹೋದ್ಯೋಗಿಗೆ ಕನ್ನಡ ಬಾರದು. ಆದರೂ ನಮ್ಮವರ ದನಿ, ತಗಡಿನ ಕಡೆಗೆ ಚಾಚಿದ ಕೈ ಎರಡನ್ನೂ ನೋಡಿ ಅವನಿಗೆ ಎಲ್ಲ ಅರ್ಥವಾಯಿತು. "ಈ ಮಾತು ಕೇಳಬಾರದು ಅಂತಲೇ ನಾನು ಬೇಗ ರಿಟೈರ್ ಆದೆ" ಅಂದ.

ಪಿನ್ನರ್‌ನ ತಜ್ಞರು

ಕ್ಯಾರವಾನ್ ಕೊಂಡ ಸುದ್ದಿ ಶನಿವಾರದ ಭಜನೆಯ ಹೊತ್ತಿಗೆ ಊರೆಲ್ಲ ಹಬ್ಬಿತು. ಭಾನುವಾರ ಬೆಳಗ್ಗೆ ಪಿನ್ನರ್‌ನಿಂದ ಹಿರಿಯರೊಬ್ಬರು ಬಂದರು. ಬೆಂಗಳೂರಿನವರು, ಸಜ್ಜನರು. ಯಾವ ವಿಷಯಕ್ಕೂ ಗೊತ್ತಿಲ್ಲ ಎಂದವರಲ್ಲ. ಕಾಫಿ ಲೋಟ ಹಿಡಿದು ಕ್ಯಾರವಾನಿಗೆ ಒಂದು ಸುತ್ತು ಹಾಕಿ ತಲೆಯಾಡಿಸಿದರು.

"ನಿಮ್ಮ ಕಾರ್ ಲೈಸೆನ್ಸ್‌ನಲ್ಲಿ ಇದನ್ನ ಎಳೆಯೋ ಹಾಗಿಲ್ಲ. ಬೇರೆ ಟೆಸ್ಟ್ ಕೊಡಬೇಕು. ತುಂಬ ಕಷ್ಟದ ಟೆಸ್ಟು."

ನಮ್ಮವರು ಗಾಬರಿಯಾದರು. ಅತ್ತೆ ಊರಿಗೆ ಹೊರಡುವುದಕ್ಕೆ ಇನ್ನು ಮೂರೇ ವಾರ ಇತ್ತು. ಟೆಸ್ಟು ಕೊಟ್ಟು ಪಾಸಾಗಿ ಹೊರಡುವಷ್ಟರಲ್ಲಿ ಅತ್ತೆ ವಿಜಯಪುರದಲ್ಲಿರುತ್ತಾರೆ. ಆಗ ಹತ್ತನೇ ತರಗತಿಯ ನಮ್ಮ ಮಗಳು ಫೋನಿನಿಂದ ತಲೆಯೆತ್ತದೆ ಅಂದಳು: "ನೋ ಅಂಕಲ್, ದಟ್ ರೂಲ್ ಚೇಂಜ್ಡ್ ಏಜಸ್ ಅಗೋ." ಸರಕಾರದ ಪುಟವನ್ನೇ ತೆಗೆದು ತೋರಿಸಿದಳು. ಮಾಮೂಲಿ ಕಾರ್ ಲೈಸೆನ್ಸೇ ಸಾಕು, ಮೂರೂವರೆ ಟನ್ನಿನವರೆಗೂ ಎಳೆಯಬಹುದು. ಆದರೆ ನಮ್ಮ ಕಾರಿಗೆ ಎಷ್ಟು ಎಳೆಯುವ ಶಕ್ತಿ ಇದೆ ಎಂದು ಕಂಪನಿಯವರು ಬರೆದಿರುತ್ತಾರಲ್ಲ, ಅದನ್ನು ಮೀರಬಾರದು. ಕಾರಿನ ಪುಸ್ತಕ ತೆಗೆದು ನೋಡಿದೆವು, ಸದ್ಯ ಸಾಕಾಗುವಷ್ಟಿತ್ತು.

"ನಾನು ಹೇಳಿದ್ದೂ ಅದೇ," ಅಂದರು ಹಿರಿಯರು. ಒಂದು ಗುಟುಕು ಕಾಫಿ ಕುಡಿದು ಮುಂದುವರಿಸಿದರು. "ಮೋಟರ್‌ವೇಯಲ್ಲಿ ಎಪ್ಪತ್ತರಲ್ಲೇ ಹೋಗಿ, ನಿಧಾನ ಮಾಡಿದ್ರೆ ಹಿಂದಿನವರಿಗೆ ತೊಂದರೆ."

"ಸಿಕ್ಸ್ಟಿ," ಅಂದಳು ಮಗಳು. "ಅಂಡ್ ಯು ಕಾಂಟ್ ಯೂಸ್ ದ ಫಾಸ್ಟ್ ಲೇನ್."

"ಅದೇ, ಅರವತ್ತು. ನಾನೇನು ನೂರು ಅಂದೆನಾ?"

ಹೀಗೆ ಕನ್ನಡಿ, ನಂಬರ್ ಪ್ಲೇಟು, ಹಿಂದಿನ ದೀಪ ಎಲ್ಲದರಲ್ಲೂ ಅವರು ಒಂದು ಹೇಳಿದರು, ಫೋನು ಇನ್ನೊಂದು ಹೇಳಿತು, ಇಬ್ಬರೂ ಹೇಳಿದ್ದು ಒಂದೇ ಎಂದು ಅವರು ತೀರ್ಮಾನಿಸಿದರು. ಕೊನೆಗೆ ನಮ್ಮವರು ಬಹಳ ವಿನಯದಿಂದ ಕೇಳಿದರು: "ಅಲ್ಲ ಸರ್, ನೀವು ಯಾವಾಗಾದ್ರೂ ಗಾಡಿ ಎಳೆದಿದೀರಾ?"

ಹಿರಿಯರು ಲೋಟ ಕೆಳಗಿಟ್ಟರು. "ಇಲ್ಲಪ್ಪ. ಆದರೆ ನೋ ಪಾರ್ಕಿಂಗ್ ಜಾಗದಿಂದ ನನ್ನ ಗಾಡೀನ ಎರಡು ಸಲ ಎಳಕೊಂಡು ಹೋಗಿದಾರೆ. ಪೂರ್ತಿ ನಿಂತು ನೋಡಿದೀನಿ."

ಭಟ್ಟರ ಧರ್ಮಸಂಕಟ

ಅತ್ತೆಗಾಗಿ ಹಳೆಯ ಒಲೆ ಕಿತ್ತು ಹೊಸದು ಕೂರಿಸಿದ್ದಾಯಿತು. ಹೊಸ ಗಾಡಿ ಬಂದ ಮೇಲೆ ಪೂಜೆಯಾಗಬೇಕು. ನಮ್ಮ ಕಡೆಯ ಭಟ್ಟರೊಬ್ಬರು ಹ್ಯಾರೋದಲ್ಲೇ ಇದ್ದಾರೆ. ಅವರು ನಿಂಬೆಹಣ್ಣು, ಕುಂಬಳಕಾಯಿ ಹಿಡಿದು ನಮ್ಮ ಡ್ರೈವ್‌ವೇಗೆ ಬಂದರು. ಬಂದವರು ಕ್ಯಾರವಾನನ್ನು ನೋಡಿ ಹಾಗೇ ನಿಂತರು. ಮುಂದೆ ಹೋಗಿ ಎಂಜಿನ್ ಹುಡುಕಿದರು, ಇಲ್ಲ. ಹಿಂದೆ ಬಂದು ಕಿಟಕಿಯಲ್ಲಿ ಇಣುಕಿದರು. ಒಲೆ ಕಂಡಿತು.

"ಇದು ವಾಹನವಾ ಮನೆಯಾ ಮಾರಾಯ್ರೆ? ಮಂತ್ರ ಬೇರೆ ಬೇರೆ ಉಂಟು."

"ಚಕ್ರ ಉಂಟಲ್ಲ ಭಟ್ಟರೆ, ವಾಹನವೇ," ಅಂದೆ ನಾನು. ವಾಹನ ಪೂಜೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ, ನನಗೆ ಮಧ್ಯಾಹ್ನದ ಶಿಫ್ಟಿತ್ತು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಒಲಿ ಅದ, ಹಾಸಿಗಿ ಅದ, ಹೊಚ್ಚಲಾ ಅದ. ಇದ್ರಾಗ ನಾ ಅಡಿಗಿ ಮಾಡಿ ದೇವರಿಗೆ ನೈವೇದ್ಯ ಮಾಡಾಕಿ. ಹಾಲು ಉಕ್ಕಸಲಾರದ ಅದು ಹ್ಯಾಂಗ ಮನಿ ಆಗ್ತದ?"

ಭಟ್ಟರಿಗೆ ನಮ್ಮಿಬ್ಬರಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ವಾಹನ ಪೂಜೆ ಮಾಡಿದರು, ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ ಗೃಹಪ್ರವೇಶವನ್ನೂ ಮಾಡಿದರು. ಅತ್ತೆ ಬಲಗಾಲಿಟ್ಟು ಒಳಗೆ ಹೋಗಿ ಒಲೆ ಹಚ್ಚಿ ಹಾಲಿಟ್ಟರು. ಹಾಲು ಉಕ್ಕಿತು. ಉಕ್ಕಿದ ಹಾಲು ಉರಿಯ ಮೇಲೆ ಚೆಲ್ಲಿ ಹೊಗೆಯೆದ್ದಿತು. ಆ ಪುಟ್ಟ ಗೂಡಿನ ಹೊಗೆ ಅಲಾರಂ ಇಡೀ ಬೀದಿಗೆ ಕೇಳುವ ಹಾಗೆ ಬಡಿದುಕೊಂಡಿತು. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ನೀರಿನ ಪೈಪು ಹಿಡಿದು ಓಡಿ ಬಂದರು. ನಮ್ಮವರು ಟವೆಲು ಬೀಸುತ್ತ ಅಲಾರಂನ ಗುಂಡಿ ಹುಡುಕುತ್ತಿದ್ದರು.

ಭಟ್ಟರು ಮಾತ್ರ ಶಾಂತವಾಗಿ ಮಂಗಳಾರತಿ ಎತ್ತಿದರು. "ನಿಲ್ಲಿಸಬೇಡಿ ನಿಲ್ಲಿಸಬೇಡಿ," ಅಂದರು. "ಇಷ್ಟು ಜೋರು ವಾದ್ಯ ನನಗೆ ಈ ದೇಶದಲ್ಲಿ ಮತ್ತೆಲ್ಲೂ ಸಿಗಲಿಲ್ಲ."

ಎಪ್ಪತ್ತು ಕೆಜಿ

ಹೊರಡುವ ಹಿಂದಿನ ದಿನ ಬ್ಯಾಗು ತೂಗುವ ಕೈತಕ್ಕಡಿ ಹಿಡಿದು ನಾನು ಮನೆಯ ಹಜಾರದಲ್ಲಿ ಕೂತೆ. ಅತ್ತೆ ಒಂದೊಂದಾಗಿ ತಮ್ಮ ಅಡುಗೆಮನೆಯನ್ನು ತಂದು ಮುಂದಿಟ್ಟರು. ಹಿತ್ತಾಳೆ ಪಾತ್ರೆಗಳು, ರೊಟ್ಟಿಯ ಹಂಚು, ತಾಮ್ರದ ಕೊಡ, ಜೋಳದ ಹಿಟ್ಟು.

"ಮೂರು ದಿನಕ್ಕೆ ಹತ್ತು ಕೆಜಿ ಜೋಳದ ಹಿಟ್ಟು ಯಾಕೆ ಅತ್ತೆ?"

"ದಾರ್‍ಯಾಗ ಯಾರರೆ ಬಂದ್ರ?"

"ಮೋಟರ್‌ವೇಯಲ್ಲಿ ಊಟಕ್ಕೆ ಯಾರು ಬರ್ತಾರೆ?"

"ಬಂದವರನ್ನ ಹಂಗ ಕಳಸಾಕ ಆಗ್ತದೇನು?"

ಹಿಟ್ಟು ನಾಲ್ಕು ಕೆಜಿಗೆ ಇಳಿಯಿತು. ಕೊಡದಲ್ಲಿ ಮನೆಯಿಂದಲೇ ಮಡಿನೀರು ತುಂಬಿಕೊಂಡು ಹೋಗುತ್ತೇನೆಂದರು, ಲೀಟರಿಗೊಂದು ಕೆಜಿ ಅಂದೆ. ನೀರಿಗೂ ತೂಕ ಹಚ್ಚುವ ಸೊಸೆಯನ್ನು ಅವರು ಬಹಳ ಹೊತ್ತು ನೋಡಿದರು. ಅಲ್ಲಿ ಹೋಗಿ ನಲ್ಲಿಯಿಂದ ತಾವೇ ಹಿಡಿದುಕೊಳ್ಳುವುದಕ್ಕೆ ಒಪ್ಪಿದರು. ಕೊನೆಗೆ ಬಂದದ್ದು ಒಳಕಲ್ಲು. ಚಟ್ನಿ ಅರೆಯಲು ಅವರು ಮೊದಲ ಸಲ ಬಂದಾಗ ಊರಿಂದ ತಂದದ್ದು. ಹದಿನಾಲ್ಕು ಕೆಜಿಯ ಆ ಕಲ್ಲು ವಿಮಾನದಲ್ಲಿ ಹೇಗೆ ಬಂತು ಎಂದು ಇವತ್ತಿಗೂ ನಾನು ಕೇಳಿಲ್ಲ, ಅವರು ಹೇಳಿಲ್ಲ.

"ಇದು ಸಾಧ್ಯವೇ ಇಲ್ಲ ಅತ್ತೆ."

"ಆತು ಬಿಡವಾ. ಬಿಟ್ಟು ಬರ್ತೀನಿ."

ಇಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಸರಿ ಬರಲಿಲ್ಲ. ಕೌಂಟರಿನಲ್ಲಿ ನಗುನಗುತ್ತಾ ಒಂದು ಡಬ್ಬಿ ತೆಗೆದಿಡುವವರ ಕೋಟಿನೊಳಗೆ ಇನ್ನೊಂದು ಡಬ್ಬಿ ಇದ್ದೇ ಇರುತ್ತದೆ. ಮನಸ್ಸಿನಲ್ಲಿ ಒಂದು ಗುರುತು ಹಾಕಿಕೊಂಡೆ. ಎಲ್ಲ ತೂಗಿ ಮುಗಿಸಿ, ಸರಿಯಾಗಿ ಎಪ್ಪತ್ತಾಯಿತು ಎಂದು ಘೋಷಿಸಿ ತಕ್ಕಡಿ ಎತ್ತಿಡುವಾಗ ಅತ್ತೆ ಮೆಲ್ಲಗೆ ಕೇಳಿದರು: "ನಿನ್ನ ಸೂಟ್‌ಕೇಸು ತೂಗಿದೇನವಾ?"

ನಮ್ಮವರು ತಟ್ಟನೆ ಗಿಡಕ್ಕೆ ನೀರು ಹಾಕುವುದು ನೆನಪಾದವರಂತೆ ಹೊರಗೆ ಹೋದರು. ಸೂಟ್‌ಕೇಸನ್ನೂ ಸೇರಿಸಿ ಮತ್ತೆ ಎಪ್ಪತ್ತಕ್ಕೆ ಇಳಿಸುವಷ್ಟರಲ್ಲಿ ನನ್ನ ಮೂರು ಜೊತೆ ಶೂ, ತಲೆ ಒಣಗಿಸುವ ಮಷೀನು, ದಪ್ಪ ಕೋಟು ಹ್ಯಾರೋದಲ್ಲೇ ಉಳಿದವು.

ವೇಬ್ರಿಡ್ಜ್

ಶುಕ್ರವಾರ ಬೆಳಗ್ಗೆ ಹೊರಟೆವು. ಸೋಮವಾರ ವಾಪಸು, ಬುಧವಾರ ಅತ್ತೆಯ ವಿಮಾನ. ಮುಂದೂಡಲು ಇನ್ನೊಂದು ವಾರ ಇಲ್ಲ. ದಾರಿಯಲ್ಲಿ ಅಧಿಕಾರಿಗಳು ಗಾಡಿ ನಿಲ್ಲಿಸಿ ತೂಗಿದರೆ, ಹೆಚ್ಚಿದ್ದ ಸಾಮಾನು ಇಳಿಸುವ ತನಕ ಮುಂದೆ ಬಿಡುವುದಿಲ್ಲ ಎಂದು ಮಗಳು ಓದಿ ಹೇಳಿದ್ದಳು. ಅಡುಗೆ ಸಾಮಾನು ಇಳಿದರೆ ಅತ್ತೆಯೂ ಇಳಿಯುತ್ತಾರೆ, ಪ್ರವಾಸ ಅಲ್ಲಿಗೆ ಮುಗಿಯಿತು. ಅದಕ್ಕೇ ನಾನು ಹಟ ಹಿಡಿದು ಫೆಲ್ಥಮ್ ಹತ್ತಿರ ಲಾರಿ ತೂಗುವ ವೇಬ್ರಿಡ್ಜಿಗೆ ಗಾಡಿ ತಿರುಗಿಸುವಂತೆ ಮಾಡಿದೆ.

ಅಲ್ಲಿದ್ದವನು ಮಧ್ಯವಯಸ್ಸಿನ ಇಂಗ್ಲಿಷ್ ಮನುಷ್ಯ, ಕೆಂಪು ಮೂಗು, ಕೈಯಲ್ಲಿ ಚಹಾ ಮಗ್ಗು. ಕಾರಿನಿಂದ ಬಿಡಿಸಿದ ಕ್ಯಾರವಾನನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿಕೊಂಡು ಕೇಳಿದ: "ಒಳಗೆ ಯಾರೂ ಇಲ್ಲ ತಾನೆ?"

ಹದಿನೆಂಟು ವರ್ಷ ತೂಗಿದವಳನ್ನು ಕೇಳುತ್ತಿದ್ದಾನೆ! "ಖಂಡಿತ ಇಲ್ಲ," ಅಂದೆ.

ಪರದೆಯ ಮೇಲೆ ಬಂತು: ಸಾವಿರದ ಮುನ್ನೂರ ಎಪ್ಪತ್ತು.

ಎಪ್ಪತ್ತು ಕೆಜಿ ಹೆಚ್ಚು! ನನ್ನ ಕಿವಿ ಬಿಸಿಯಾಯಿತು. ಒಂದೊಂದು ಚಮಚವನ್ನೂ ನಾನೇ ತೂಗಿದ್ದೆ. ಒಂದೇ ಕಾರಣ ಇರಬಹುದು.

"ನಿಮ್ಮಮ್ಮ ಒಳಕಲ್ಲು ಅಡಗಿಸಿದಾರೆ," ಅಂದೆ ನಮ್ಮವರಿಗೆ, ಅಂಗಳಕ್ಕೆಲ್ಲ ಕೇಳುವ ಹಾಗೆ.

"ಹದಿನಾಲ್ಕು ಕೆಜಿ ಅಡಗಿಸಿದ್ರ ಎಪ್ಪತ್ತ ಹ್ಯಾಂಗ ಆಗ್ತದ?"

"ಒಂದು ಕಲ್ಲಿಗೆ ನಿಲ್ಲೋರಾ ಅವರು? ನಿನ್ನೆ ಅಷ್ಟು ಸುಲಭವಾಗಿ ಒಪ್ಪಿದಾಗಲೇ ಗೊತ್ತಾಯ್ತು ನನಗೆ. ಇಂಥವರನ್ನ ಎಷ್ಟು ಜನ ನೋಡಿಲ್ಲ!" ಅಂದವಳೇ ಕ್ಯಾರವಾನಿನ ಬಾಗಿಲು ಧಡಾರನೆ ತೆಗೆದೆ.

ತುದಿಯಲ್ಲಿ, ಹೂವಿನ ಪರದೆಯ ಹಿಂದೆ, ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ನೆಟ್ಟಗೆ ಅತ್ತೆ ಕೂತಿದ್ದರು. ಕೈಯಲ್ಲಿ ಜಪಮಾಲೆ. ಕಣ್ಣು ಅರ್ಧ ಮುಚ್ಚಿತ್ತು, ಕಿವಿ ಪೂರ್ತಿ ತೆರೆದಿತ್ತು. ನಾವು ಕಾರು ಬಿಡಿಸುವ ಗಡಿಬಿಡಿಯಲ್ಲಿದ್ದಾಗ ಬೆಳಗಿನ ಜಪ ಬಾಕಿಯಿದೆ ಎಂದು ಒಳಗೆ ಹೋಗಿದ್ದಾರೆ. ಜಪದ ನಡುವೆ ಮಾತಾಡುವ ಹಾಗಿಲ್ಲ. ನಾನು ಅವರನ್ನು ಕಳ್ಳಿ ಅಂದದ್ದನ್ನೆಲ್ಲ ಅವರು ಮಣಿ ಎಣಿಸುತ್ತಲೇ ಕೇಳಿಸಿಕೊಂಡಿದ್ದರು. ನನ್ನನ್ನು ನೋಡಿ ಒಂದು ಬೆರಳೆತ್ತಿ, ನಿಲ್ಲು ಎಂದು ಸನ್ನೆ ಮಾಡಿದರು. ವೇಬ್ರಿಡ್ಜಿನವನು ಏನು ತಿಳಿದನೋ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ನಮ್ಮ ಹಿಂದೆ ಎರಡು ಲಾರಿ ಕಾಯುತ್ತಿದ್ದವು. ನೂರೆಂಟೂ ಆಗುವ ತನಕ ಎಲ್ಲರೂ ಸುಮ್ಮನೆ ನಿಂತೆವು.

ಅತ್ತೆ ಇಳಿದು ಬಂದರು. ಮತ್ತೆ ತೂಗಿದಾಗ ಸಾವಿರದ ಮುನ್ನೂರ ಇಪ್ಪತ್ತು. ಇನ್ನೂ ಇಪ್ಪತ್ತು ಹೆಚ್ಚು. ನನ್ನ ತಲೆ ಕೆಟ್ಟಿತು. ವೇಬ್ರಿಡ್ಜಿನವನು ತಾನೂ ಹುಡುಕಿಕೊಡುತ್ತೇನೆಂದು ಒಳಗೆ ಬಂದು, ಒಲೆಯ ಪಕ್ಕದ ಕಿರಿದಾದ ಬಾಗಿಲಿಗೆ ಕೈಹಾಕಿದ. "ಇಲ್ಲೇನಿದೆ?"

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಆ ಬಾಗಿಲು ಕೋಟು ನೇತುಹಾಕುವ ಬೀರುವಿನದು ಎಂದು ನಾನೂ ನಮ್ಮವರೂ ಸೇರಿ ಅತ್ತೆಗೆ ಹೇಳಿದ್ದೆವು. ಅದಕ್ಕೆ ಬೀಗವನ್ನೂ ಹಾಕಿದ್ದೆವು. ಆ ದಿನ ಬೀಗ ಹಾಕುವುದು ಮರೆತುಹೋಗಿತ್ತು. ನಾನು "ಬೇಡ ಬೇಡ" ಅನ್ನುವಷ್ಟರಲ್ಲಿ ಅವನು ತೆಗೆದೇಬಿಟ್ಟ. ಒಳಗಿದ್ದದ್ದು ಎತ್ತಿಡುವಂಥ ಪ್ಲಾಸ್ಟಿಕ್ ಸಂಡಾಸು. ಅದರ ಟ್ಯಾಂಕಿನ ತುಂಬ ನೀರು, ಪಕ್ಕದಲ್ಲಿ ಅದಕ್ಕೆ ಹಾಕುವ ನೀಲಿ ದ್ರವದ ಎರಡು ಕ್ಯಾನು. ಅತ್ತೆಯ ಕಣ್ಣು ತಪ್ಪಿಸಿ ತುಂಬಿದ್ದರಿಂದ ಅದನ್ನು ಯಾರೂ ತೂಗಿರಲಿಲ್ಲ.

ಅತ್ತೆ ಹೊಸಿಲ ಹೊರಗೆ ನಿಂತು ನೋಡಿದರು.

"ಒಲಿಗೂ ಇದಕ್ಕೂ ಎಷ್ಟು ಹೆಜ್ಜಿ?"

"ಟೂ, ಅಜ್ಜಿ," ಅಂದಳು ಮಗಳು. ಸತ್ಯ ಹೇಳಬೇಕೆಂದು ನಾನೇ ಕಲಿಸಿದ್ದು.

"ನಾ ಏನೋ ಅಡಗಿಸೀನಿ ಅಂತ ಹುಡುಕಿದೆಲ್ಲ. ನನ್ನ ಒಳಕಲ್ಲು ಸಿಕ್ತೇನು?"

"ಇಲ್ಲ ಅತ್ತೆ."

"ಮತ್ತ ಏನ ಸಿಕ್ತು?"

ನನಗೆ ನಿಜವಾಗಿ ಅಳು ಬಂತು. ಇಷ್ಟು ವರ್ಷ ಎಲ್ಲರ ಬ್ಯಾಗಿನಲ್ಲೂ ಕಳ್ಳತನ ಹುಡುಕಿದವಳು ನಾನು. ಪ್ರಾಮಾಣಿಕವಾಗಿ ಕಲ್ಲು ಬಿಟ್ಟು ಬಂದ ಹೆಂಗಸನ್ನು ಅಂಗಳದಲ್ಲಿ ನಿಲ್ಲಿಸಿ ಬೈದಿದ್ದೆ. "ತಪ್ಪಾಯ್ತು ಅತ್ತೆ. ಹೇಳಿದ್ರೆ ನೀವು ಬರೋದೇ ಇಲ್ಲ ಅಂತ ಹೆದರಿ ಮುಚ್ಚಿಟ್ಟೆವು. ನೀವು ಸಮುದ್ರ ನೋಡಬೇಕು ಅಂತ..."

ನಮ್ಮವರು ಸೋತ ದನಿಯಲ್ಲಿ ಕೇಳಿದರು: "ಅವ್ವಾ, ವಾಪಸ್ ಹೋಗೂಣೇನು?"

ಅತ್ತೆ ನನ್ನ ಕಡೆ ತಿರುಗಿದರು. "ಎಷ್ಟು ಹೆಚ್ಚಾಗೇದ ಅಂದಿ?"

"ಇಪ್ಪತ್ತು ಕೆಜಿ."

"ಆ ಡಬ್ಬಿ ಎಷ್ಟದ, ತೂಗು."

ಕೈತಕ್ಕಡಿಗೆ ಸಿಕ್ಕಿಸಿ ನಮ್ಮವರು ಎತ್ತಿದರು. ಕ್ಯಾನುಗಳೂ ಸೇರಿ ಇಪ್ಪತ್ತಾರು.

"ಮತ್ತಿನ್ನೇನು ವಿಚಾರ? ಅಲ್ಲಿ ಗಾಡಿ ನಿಲ್ಲಸೂ ಜಾಗಾದಾಗ ಸಂಡಾಸು ಬ್ಯಾರೆ ಕಟ್ಟ್ಯಾರ ಅಂತ ನೀನ ಹೇಳಿದ್ದಿ. ಇದು ಸರಕಾರಕ್ಕೂ ಬ್ಯಾಡ, ನನಗೂ ಬ್ಯಾಡ. ಇಳಸ್ರಿ."

ಇಳಿಸಿದೆವು. ಸಾವಿರದ ಇನ್ನೂರ ತೊಂಬತ್ನಾಲ್ಕು ಬಂತು. ವೇಬ್ರಿಡ್ಜಿನವನು ಚಪ್ಪಾಳೆ ತಟ್ಟಿದ. ಅತ್ತೆ ಖಾಲಿಯಾದ ಜಾಗವನ್ನು ಎರಡು ಸಲ ತೊಳೆಸಿ, ಅರಿಶಿನದ ನೀರು ಚಿಮುಕಿಸಿ, ಕಾರಿನ ಮುಂದಿನ ಸೀಟಿನಲ್ಲಿ ಬಂದು ಕೂತರು. ಮರುದಿನ ಬೆಳಗ್ಗೆ ಅವರು ದೇಶ ಮುಗಿಯುವಲ್ಲಿ ನಿಂತು, ಸೆರಗು ಹಾರದ ಹಾಗೆ ಹಿಡಿದುಕೊಂಡು, ಬಹಳ ಹೊತ್ತು ಸಮುದ್ರ ನೋಡಿದರು. ಅದು ಆಮೇಲಿನ ಮಾತು.

ಆಗ ಮಾತ್ರ ನಾವಿನ್ನೂ ಗೇಟು ದಾಟಿರಲಿಲ್ಲ, ವೇಬ್ರಿಡ್ಜಿನವನು ಸಂಡಾಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿ ಬಂದ. ಇದನ್ನು ಏನು ಮಾಡಲಿ ಎಂದು ಕೇಳಿದ. ಅತ್ತೆ ಕಿಟಕಿ ಇಳಿಸಿ ಅವನನ್ನು, ಅವನ ಹಿಂದಿನ ಆಫೀಸನ್ನು, ಆಫೀಸಿನ ಮೇಜಿನ ಮೇಲಿದ್ದ ಚಹಾ ಮಗ್ಗನ್ನು ನೋಡಿದರು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು.

"ನಾವು ಬರೂತನಾ ಇಟ್ಟುಕೋ ಅಂತ ಹೇಳು ಅವಗ," ಅಂದರು ನನಗೆ. "ಆದ್ರ ಚಹಾ ಕಾಸೂ ಜಾಗಾದಿಂದ ದೂರ ಇಡು ಅನ್ನು. ಪಾಪ, ಅವಗ ಹೇಳವರು ಯಾರೂ ಇಲ್ಲ."